ಸಂಕ್ರಮಣದ ಶನಿವಾರ

“ಕಲ್ಲುಕೋರೆಯವರ ಮನೆಯ ಹುಡುಗಿ ಡಿಗ್ರಿ ಮಾಡುವುದುಂಟಾ ಮಾರಾಯ್ತಿ? ಅದೆಲ್ಲ ಆಗುವ ಹೋಗುವ ಮಾತಲ್ಲ” — ನನ್ನ ಅಮ್ಮನಿಗೆ ಹೀಗೆ ಹೇಳಿದವನು ಅವಳ ಸ್ವಂತ ಅಣ್ಣ, ನನ್ನ ಸೋದರಮಾವ ಶೀನ. ಆ ಶೀನ ಮಾವನ ಕೆಲಸ ಹೋದದ್ದು ನಾನು ಹೇಳಿದ ಸುಳ್ಳಿನಿಂದ. ಊರಿನವರು ತಿಳಿದಿರುವಂತೆ ಅವನ ಬೇಜವಾಬ್ದಾರಿಯಿಂದಲ್ಲ. ಕುಡಿತದಿಂದ ಎಂದೂ ಕೆಲವರು ಹೇಳುತ್ತಾರೆ — ಅವನು ಒಂದು ಹನಿ ಮುಟ್ಟಿದವನಲ್ಲ. ನನ್ನಿಂದ. ಆರು ವರ್ಷ ಇದನ್ನು ಬಾಯೊಳಗೆ ಇಟ್ಟುಕೊಂಡು, ಎಲ್ಲರೆದುರು ನಗುತ್ತಾ ತಿರುಗಿದ್ದೇನೆ.

ಕನಿಕರ ಬೇಡ. ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನು, ಅದರ ಹೆಮ್ಮೆ ನನಗೆ ಈಗಲೂ ಇದೆ. ಅಪ್ಪ ಕಾರ್ಕಳದ ಕೋರೆಯಲ್ಲಿ ಕಲ್ಲು ಒಡೆದ. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದಳು. ಆ ಸಿಪ್ಪೆಯ ಎಣ್ಣೆ ತಿಂದ ಅವಳ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ, ಆಧಾರ್ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪಿಕೊಳ್ಳಲು ಮೂರು ಸಲ ಬೇಕಾಯಿತು. ನಾನು ಮೂರು ವರ್ಷ ಕಾರ್ಕಳದಿಂದ ಮಣಿಪಾಲಕ್ಕೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಪ್ರವಾಸೋದ್ಯಮದ ಡಿಗ್ರಿ ಮಾಡಿದೆ. ಇಷ್ಟು ಕಷ್ಟಪಟ್ಟವಳು ಅಷ್ಟು ಕೀಳಾಗಬಲ್ಲಳೆಂದರೆ ಜನ ನಂಬುವುದಿಲ್ಲ. ಕಷ್ಟಪಟ್ಟವರೆಲ್ಲ ಒಳ್ಳೆಯವರು ಎಂಬುದು ಕಷ್ಟಪಡದವರು ಕಟ್ಟಿಕೊಂಡ ಕಥೆ.

ಕೊನೆಯ ವರ್ಷದಲ್ಲಿ ನಮಗೊಂದು ಕೆಲಸ ಕೊಟ್ಟರು. ಎರಡು ದಿನದ ಪ್ರವಾಸವನ್ನು ಯೋಜಿಸಬೇಕು — ಒಂದು ದಿನ ಬೆಟ್ಟ ಹತ್ತುವುದು, ಒಂದು ದಿನ ಪೇಟೆ ನೋಡುವುದು — ಮತ್ತು ಸಹಪಾಠಿಗಳನ್ನು ನಿಜವಾಗಿಯೂ ಕರೆದುಕೊಂಡು ಹೋಗಿಬಂದು ವರದಿ ಒಪ್ಪಿಸಬೇಕು. ಹದಿನಾಲ್ಕು ಮಂದಿಯ ನಮ್ಮ ತಂಡಕ್ಕೆ ನಾನು ನಾಯಕಿ. ಹೆಚ್ಚಿನವರು ಬೇರೆ ರಾಜ್ಯದವರು. ಅವರಿಗೆ ಬೆಟ್ಟವೆಂದರೆ ಹೊಸ ಶೂ, ಪೇಟೆಯೆಂದರೆ ಮಸಾಲೆದೋಸೆಯ ಫೋಟೊ. “ಈ ಕಾರ್ಕಳ ಯಾವ ಊರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ?” ಎಂದು ಒಬ್ಬ ಕೇಳಿದ್ದ. ನಾನು ಅವರನ್ನು ಮನಸ್ಸಿನಲ್ಲಿ ಉಗುಳುವಷ್ಟು ತಿರಸ್ಕರಿಸುತ್ತಿದ್ದೆ. ಅವರಂತಾಗಲು ಸಾಯುತ್ತಲೂ ಇದ್ದೆ.

ನನ್ನ ಯೋಜನೆ ಹೀಗಿತ್ತು: ಶನಿವಾರ ಕಾರ್ಕಳದಾಚೆ ಘಟ್ಟದ ಬುಡದಲ್ಲಿರುವ ಮಂಜಪಾದೆ ಗುಡ್ಡ. ಭಾನುವಾರ ಕಾರ್ಕಳದ ಗೊಮ್ಮಟ, ಬಸದಿಗಳು, ಉಡುಪಿಯಲ್ಲಿ ಊಟ, ಸಂಜೆ ಕಾಪು ದೀಪಸ್ತಂಭದ ಮೇಲಿಂದ ಸೂರ್ಯಾಸ್ತ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಸಾಲುಗಳಾಗಿ ಹೊಂದಿಸಿದ್ದೆ. ಮೇಷ್ಟ್ರು ನೋಡಿ “ಪರ್ಫೆಕ್ಟ್” ಎಂದರು. ಆ ಒಂದು ಪದಕ್ಕೆ ನಾನು ಎಷ್ಟು ಹಸಿದಿದ್ದೆನೆಂದರೆ — ಅದನ್ನು ಬರೆಯಲು ಈಗ ಅಸಹ್ಯವಾಗುತ್ತದೆ.

ಬೆಟ್ಟಕ್ಕೆ ಮಾರ್ಗದರ್ಶಿ ಕಡ್ಡಾಯ. ಊರಿನ ಚಾರಣ ಸಮಿತಿಯ ಕಾರ್ಡು ಇದ್ದವರು ಮೂವರೇ. ಇಬ್ಬರು ಆ ವಾರ ಬೇರೆ ತಂಡಗಳಿಗೆ ಒಪ್ಪಿಕೊಂಡಿದ್ದರು. ಉಳಿದವನು ಶೀನ ಮಾವ. ಇಪ್ಪತ್ತು ವರ್ಷ ಅಪ್ಪನ ಜೊತೆ ಅದೇ ಕೋರೆಯಲ್ಲಿ ದುಡಿದು, ಧೂಳಿನಿಂದ ಎದೆಗೆ ಕೆಮ್ಮು ಇಳಿದ ಮೇಲೆ ಅವನಿಗೆ ಸಿಕ್ಕಿದ್ದ ಕೆಲಸ ಅದು. ಗುಡ್ಡದ ಗಾಳಿಗೆ ಕೆಮ್ಮು ಕಡಿಮೆಯಾಗಿತ್ತು. ಅವನು ನನಗೆ ಏನಾಗಬೇಕೆಂದು ತಂಡದಲ್ಲಿ ಯಾರಿಗೂ ಹೇಳಲಿಲ್ಲ. “ಲೋಕಲ್ ಗೈಡ್” ಎಂದೆ, ಅಷ್ಟೆ.

ಬುಧವಾರ ಫೋನ್ ಮಾಡಿದೆ.

“ಶನಿವಾರವಾ? ಶನಿವಾರ ಸಂಕ್ರಮಣ ಅಲ್ವಾ! ತಂಬಿಲ ಉಂಟು. ನಾನು ಇಡದಿದ್ದರೆ ಮತ್ತೆ ಯಾರು ಇಡುವುದು, ನಿನ್ನ ಮೇಷ್ಟ್ರಾ?”

ತಂಬಿಲವೆಂದರೆ ಮಾವನ ಮನೆಯಂಗಳದ ಕಲ್ಲಿನಲ್ಲಿ ನೆಲೆಸಿದ ಮನೆತನದ ದೈವಕ್ಕೆ ಸಂಕ್ರಮಣದ ದಿನ ದೀಪ ಹಚ್ಚಿ, ಎಡೆಯಿಟ್ಟು, ಮನೆಯವರ ಪರವಾಗಿ ಮಾತು ಹೇಳುವುದು. ನಮ್ಮಲ್ಲಿ ಅದು ಹಿರಿಯ ಸೋದರಮಾವನ ಕೆಲಸ, ಬೇರೆಯವರು ಮುಟ್ಟುವುದಿಲ್ಲ.

“ಆದಿತ್ಯವಾರ ಇಟ್ಟುಕೊ,” ಎಂದ ಮಾವ. “ಮಕ್ಕಳಿಗೆ ಮೊದಲು ಪೇಟೆ ತೋರಿಸು, ಮರುದಿನ ಗುಡ್ಡಕ್ಕೆ ನಾನು ಕರ್ಕೊಂಡು ಹೋಗ್ತೇನೆ. ನಿನ್ನ ಪರೀಕ್ಷೆ ಅಲ್ವಾ, ಬರದೆ ಇರ್ತೇನಾ? ಆದರೆ ನಾನಿಲ್ಲದೆ ಹತ್ತಿಸಬೇಡ. ಮೊನ್ನೆಯ ಮಳೆಗೆ ಪಾದೆಕಲ್ಲು ಪೂರ್ತಿ ಪಾಚಿ. ಕಾಲಿಟ್ಟರೆ ಕೆಳಗೆ.”

“ಆಯ್ತು ಮಾವ” ಎಂದೆ.

ಎರಡು ಸಾಲು. ಬೆಟ್ಟದ ಹಸಿರು ಸಾಲನ್ನು ಕೆಳಗೆ, ಪೇಟೆಯ ಹಳದಿ ಸಾಲನ್ನು ಮೇಲೆ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಮೇಷ್ಟ್ರ ಮುಂದೆ ನಿಂತು ಕಾರಣ ಹೇಳಬೇಕಿತ್ತು — ನಮ್ಮ ಮಾವ, ನಮ್ಮ ದೈವ, ನಮ್ಮ ಅಂಗಳದ ಕಲ್ಲು... ಹೊಸ ಶೂಗಳವರು ನಗುತ್ತಿದ್ದರು, ಅಥವಾ ಅದಕ್ಕಿಂತ ಕೆಟ್ಟದ್ದು, “ವಾವ್, ನಾವೂ ನೋಡಬಹುದಾ?” ಎನ್ನುತ್ತಿದ್ದರು. ಆ ದಿನ ಸಂಕ್ರಮಣವೆಂದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಂದಿನಿಂದ ತಂಬಿಲದ ಅವಲಕ್ಕಿ ತಿಂದವಳು ನಾನು. ದಿನ ಗೊತ್ತುಮಾಡುವಾಗಲೇ ತಿಳಿದಿತ್ತು. ನನ್ನ ಡಿಗ್ರಿ ಆಗುವುದಿಲ್ಲವೆಂದವನ ದೈವಕ್ಕಾಗಿ ನನ್ನ ಡಿಗ್ರಿಯ ಕೆಲಸವನ್ನು ನಾನೇಕೆ ತಿದ್ದಬೇಕು — ಹೀಗೇ ಯೋಚಿಸಿದೆ, ಇದೇ ಶಬ್ದಗಳಲ್ಲಿ. ದನ ಮೇಯುವ ಗುಡ್ಡ, ಅದಕ್ಕೆ ಗೈಡ್ ಬೇರೆ ಕೇಡು. “ಮಾರ್ಗದರ್ಶಿ: ದೃಢಪಟ್ಟಿದೆ” ಎಂಬ ಜಾಗದಲ್ಲಿ ಗುರುತು ಹಾಕಿ ಕಳುಹಿಸಿದೆ.

ಶನಿವಾರ ಬೆಳಿಗ್ಗೆ ಗುಡ್ಡದ ಬುಡದ ಅಂಗಡಿಯೆದುರು ನಿಂತು ನಾಟಕವಾಡಿದೆ. ಮೇಷ್ಟ್ರು ಮರುದಿನ ಪೇಟೆಯಲ್ಲಿ ಸೇರಿಕೊಳ್ಳುವವರಿದ್ದರು, ತಡೆಯಲು ಯಾರೂ ಇರಲಿಲ್ಲ. ಯಾರಿಗೂ ಫೋನ್ ಮಾಡದೆ ಫೋನನ್ನು ಕಿವಿಗಿಟ್ಟುಕೊಂಡು “ಎಲ್ಲಿದ್ದೀರಿ? ಹೊರಟಿರಾ?” ಎಂದೆ. ಇಪ್ಪತ್ತು ನಿಮಿಷ ಕಾಯಿಸಿದೆ.

ತಂಡದಲ್ಲಿ ನನ್ನನ್ನು ಬಿಟ್ಟರೆ ಈ ಜಿಲ್ಲೆಯವಳು ಲವೀನಾ ಒಬ್ಬಳೇ, ಕಾಪುವಿನ ಕೊಂಕಣಿ ಮನೆಯ ಹುಡುಗಿ. “ಗೈಡ್ ಇಲ್ಲದೆ ಬೇಡ ಮಾರಾಯ್ತಿ,” ಎಂದಳು. “ನಾಳೆ ಬರುವ. ಇವತ್ತು ನಮ್ಮ ಕಾಪುವಿಗೇ ಹೋಗುವ, ಅಮ್ಮ ಮೀನು ಕಾಯಿಸಿ ಕೊಡ್ತಾಳೆ.”

ಆಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಇಂಥವರನ್ನು ನಂಬಿದರೆ ಇಷ್ಟೇ. ಬರ್ತೇನೆ ಅಂತಾರೆ, ಬರುವುದಿಲ್ಲ. ನಡೀರಿ.”

ಇಂಥವರು. ನನ್ನ ಅಮ್ಮನ ಅಣ್ಣ. ನಾನೂ ಇಂಥವರೇ.

ಫೋನಿನ ನಕ್ಷೆ ಅರ್ಧ ಗುಡ್ಡದವರೆಗೆ ದಾರಿ ತೋರಿಸಿತು. ಆಮೇಲೆ ದನದ ಕಾಲುದಾರಿಯನ್ನೇ ದಾರಿಯೆಂದುಕೊಂಡು ಹೋದೆವು. ಅದು ಪಾದೆಯ ಬೋಳು ಬಂಡೆಯ ಮೇಲೆ ಕೊನೆಯಾಯಿತು. ಮೊದಲು ಕಾಲಿಟ್ಟವಳು ಲವೀನಾ. ಜಾರಿದ್ದು ನಾಲ್ಕಾಳು ಉದ್ದ. ಕಾಲಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು — ಕೋರೆಯ ಮಗಳು, ಒಡೆಯುವ ಸದ್ದು ಗೊತ್ತು. ಹೊಸ ಶೂಗಳು ಅಳತೊಡಗಿದವು. ಒಬ್ಬ ಮಾತ್ರ ವಿಡಿಯೊ ತೆಗೆಯುತ್ತಿದ್ದ.

ಒಂದು ಗಂಟೆಯಾಗಿರಬೇಕು. ಕೆಳಗಿನಿಂದ ಶೀನ ಮಾವ ಬಂದ. ಮಕ್ಕಳು ಗೈಡ್ ಇಲ್ಲದೆ ಹತ್ತಿ ಹೋಗಿದ್ದಾರೆಂದು ಅಂಗಡಿಯ ಹೆಂಗಸು ಅವನಿಗೆ ಫೋನ್ ಮಾಡಿದ್ದಳಂತೆ. ತಂಬಿಲಕ್ಕೆಂದು ಮಿಂದ ಮೈ, ಉಟ್ಟ ಒದ್ದೆ ಪಂಚೆ, ಎದೆಯ ಮೇಲೆ ಗಂಧ, ಬರಿಗಾಲು. ದೈವದ ಮುಂದಿನ ಎಡೆಯನ್ನು ಅರ್ಧಕ್ಕೆ ಬಿಟ್ಟು ಓಡಿಬಂದಿದ್ದ. ನಮ್ಮಲ್ಲಿ ಯಾರೂ ಹಾಗೆ ಏಳುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ.

“ಈಗ ಬಂದೆಯಾ?” ಎಂದು ವಿಡಿಯೊದವನು ತನ್ನ ಭಾಷೆಯಲ್ಲಿ ಕೂಗಾಡಿದ. “ಎಲ್ಲ ನಿನ್ನಿಂದಲೇ!” ಮಾವನಿಗೆ ಮಾತು ಅರ್ಥವಾಗದಿದ್ದರೂ ಬೆರಳು ಅರ್ಥವಾಯಿತು. ಅವನು ನನ್ನ ಕಡೆ ನೋಡಿದ. ಕಾದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು — ನಾನು ಬಾಯಿ ತೆರೆಯಲು ಅಷ್ಟು ಸಾಕಿತ್ತು. ನಾನು ನನ್ನ ಶೂ ನೋಡಿದೆ.

“ತಡವಾಯ್ತು,” ಎಂದ ಮಾವ. “ಅವಳನ್ನು ನನ್ನ ಬೆನ್ನಿಗೆ ಕೊಡಿ.”

ಬೆನ್ನ ಮೇಲೆ ಲವೀನಾಳನ್ನು ಹೊತ್ತು, ಕೆಮ್ಮುತ್ತಾ, ಒಂದು ಕಡೆಯೂ ಕೂರದೆ ಇಳಿದ.

ಮರುದಿನದ ಪೇಟೆ ರದ್ದಾಗಲಿಲ್ಲ. ಅಂಕಗಳಿದ್ದವಲ್ಲ. ಲವೀನಾ ಮಣಿಪಾಲದ ಆಸ್ಪತ್ರೆಯಲ್ಲಿದ್ದಳು. ನಾವು ಹದಿಮೂರು ಮಂದಿ ಕಾಪು ದೀಪಸ್ತಂಭದ ಮೇಲೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹಲ್ಲು ಕಿರಿದೆವು. ವರದಿಯ ಮುಖಪುಟಕ್ಕೆ ಅದೇ ಫೋಟೊ ಹಾಕಿದೆ. ಒಳಗೆ, ಅವಘಡದ ಕಾರಣ ಎಂಬಲ್ಲಿ, ಹೀಗೆ ಬರೆದೆ: “ಬರುವುದಾಗಿ ಒಪ್ಪಿದ್ದ ಮಾರ್ಗದರ್ಶಿಯು ನಿಗದಿತ ಸಮಯಕ್ಕೆ ಹಾಜರಾಗಲಿಲ್ಲ.” ಗುಡ್ಡದಲ್ಲಿ ಹೇಳಿದ್ದನ್ನು ಗಾಬರಿ ಎನ್ನಬಹುದಿತ್ತೇನೋ. ಇದು ಗಾಬರಿಯಲ್ಲ. ಮೂರು ದಿನದ ನಂತರ, ಫ್ಯಾನಿನ ಕೆಳಗೆ ಕೂತು, ವಾಕ್ಯ ತಿದ್ದಿ ತಿದ್ದಿ ಬರೆದದ್ದು. ಬಿಕ್ಕಟ್ಟನ್ನು ನಿಭಾಯಿಸಿದ ರೀತಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು.

ವರದಿ ಸಮಿತಿಗೂ ಹೋಯಿತು. ಮಾವನನ್ನು ಕರೆದು ಕೇಳಿದರಂತೆ. “ಹೌದು, ಹೊತ್ತಿಗೆ ಹೋಗ್ಲಿಲ್ಲ” — ಅಷ್ಟೇ ಅಂದನಂತೆ. ಕಾರ್ಡು ಕಿತ್ತುಕೊಂಡರು. ಮುಂದಿನ ವಾರ ಅವನು ಮತ್ತೆ ಕೋರೆಗೆ ಹೋದ, ಅದೇ ಧೂಳಿಗೆ.

ಈಗ ನಾನು ಮಣಿಪಾಲದಲ್ಲಿ ಕೂತು ವಾರಾಂತ್ಯದ ಪ್ರವಾಸಗಳನ್ನು ಯೋಜಿಸುತ್ತೇನೆ. ಒಂದು ದಿನ ಬೆಟ್ಟ, ಒಂದು ದಿನ ಪೇಟೆ. ಶಾಲೆಗಳಿಗೆ ಕರೆದು “ಛಲದ ಹುಡುಗಿ” ಎಂದು ಹಾರ ಹಾಕುತ್ತಾರೆ. ಹಾಕುವವರನ್ನೂ ಹಾಕಿಸಿಕೊಳ್ಳುವ ಕುತ್ತಿಗೆಯನ್ನೂ ಕಂಡು ನನಗೆ ಹೇಸಿಗೆ. ಕಳೆದ ವಾರ ಸಮಿತಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟಿದ್ದೇನೆ. ಲವೀನಾಳಿಗೂ ಹೇಳಿದೆ, ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳು. ಕಾರ್ಡು ವಾಪಸು ಬಂದರೂ ಗುಡ್ಡ ಹತ್ತುವ ಎದೆ ಮಾವನಿಗೆ ಉಳಿದಿಲ್ಲ. ಅದನ್ನು ಸರಿಮಾಡುವ ಪತ್ರ ಯಾವುದೂ ಇಲ್ಲ. ಆರು ವರ್ಷದಲ್ಲಿ ಒಂದು ಸಂಕ್ರಮಣಕ್ಕೂ ನಾನು ಆ ಅಂಗಳ ತುಳಿದಿಲ್ಲ. ಈ ತಿಂಗಳದ್ದು ಗುರುವಾರ. ರಜೆ ಹಾಕಿದ್ದೇನೆ.

ಏಕೆ ಅಲ್ಲಿಗೇ ಹೋಗಬೇಕೆಂದರೆ — ಪದವಿ ಪ್ರದಾನದ ದಿನ ಮಾವನೂ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಕಲ್ಲಿನ ಧೂಳು. ಸಭಾಂಗಣದ ಹೊರಗೆ, ಅಮ್ಮನ ಕೈಗಿಂತ ಮೊದಲು ಅವನ ಕೈಗೆ ಸರ್ಟಿಫಿಕೇಟು ಕೊಟ್ಟೆ. ಗೌರವದಿಂದಲ್ಲ. ಚುಚ್ಚಲೆಂದೇ ಕೊಟ್ಟೆ. “ನೋಡು ಮಾವ, ಆಯ್ತಲ್ಲ,” ಎಂದೆ.

ಅವನು ಅಂಗೈಗಳನ್ನು ಪಂಚೆಗೆ ಒರೆಸಿ ತೆಗೆದುಕೊಂಡ. ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ, ತುಟಿ ಅಲುಗಿಸಿ ಓದಿದ. ಆಮೇಲೆ ಅದನ್ನು ಮೆಲ್ಲಗೆ ನನ್ನ ಕೈಗೇ ಮರಳಿಸಿದ.

“ಚಂದ ಉಂಟು. ಸಂಕ್ರಮಣಕ್ಕೆ ಮನೆಗೆ ತಾ, ದೈವದ ಎದುರು ಇಡುವ,” ಎಂದ. “ಅಲ್ಲಿ ಎಂತ ಹೇಳ್ಲಿಕ್ಕುಂಟೋ ಅದನ್ನು ನೀನೇ ಹೇಳು. ನಿನ್ನ ಪರವಾಗಿ ನಾನು ಹೇಳುವುದಿಲ್ಲ.”