ಕಾಣೆಯಾದ ಎಂಟು ಓಮ್

ಈ ಬೆಳಿಗ್ಗೆ ಖಿದಿರ್‌ಪುರದ ನನ್ನ ಬಾಡಿಗೆ ಕೋಣೆಯಲ್ಲಿ ಚಹಾದ ನೀರು ಇನ್ನೇನು ಕುದಿಯಬೇಕು ಅನ್ನುವಷ್ಟರಲ್ಲಿ ಹೀಟರಿನ ಕಾಯಿಲ್ ಟಪ್ಪೆಂದು ತುಂಡಾಯಿತು. ಸುಟ್ಟ ಧೂಳು, ಕಾದ ಮಣ್ಣಿನ ತಟ್ಟೆ, ಎಂದೋ ಉಕ್ಕಿ ಚೆಲ್ಲಿದ ಹಾಲು, ಎಲ್ಲ ಸೇರಿದ ಆ ವಾಸನೆ ನಿಮಗೂ ಗೊತ್ತಿರಬೇಕು. ನಿಮಗೆ ಅದರಿಂದ ಏನು ನೆನಪಾಗುತ್ತದೋ ಕಾಣೆ. ನನಗೆ ಟಾಲಿಗಂಜಿನ ಅತ್ತೆ ನೆನಪಾಗುತ್ತಾರೆ, ಅವರ ಅಡುಗೆಮನೆಯಲ್ಲಿ ನಾನು ಬಿಸಿಬಿಸಿಯಾಗಿ ತಿಂದ ಒಂದು ಅವಮಾನವೂ ನೆನಪಾಗುತ್ತದೆ.

ಏಳೆಂಟು ವರ್ಷದ ಹಿಂದಿನ ಮಾತು. ಬಿ.ಎಸ್‌ಸಿ. ಓದಲೆಂದು ಉಡುಪಿಯಿಂದ ಬಂದವನು ಬ್ಯಾಂಕಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ನನ್ನ ಬಳಿ ಇದ್ದ ವಿದ್ಯೆಗಳು ಎರಡು: ಭೌತಶಾಸ್ತ್ರ ಅರ್ಧ, ಅಣಕು ಪೂರ್ತಿ. ಟ್ರಾಮಿನ ಕಂಡಕ್ಟರ್, ಹಿಲ್ಸಾ ಮೀನು ಮಾರುವವನು, ಮ್ಯಾನೇಜರ ಹೆಸರೆತ್ತಿದರೆ ಸಾಕು ಕನ್ನಡಕ ಒರೆಸತೊಡಗುವ ಮಾವ, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದ ದಿನ ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಅದಕ್ಕೆ ಹೆಚ್ಚಿನ ಶ್ರಮ ಬೇಕಿರಲಿಲ್ಲ. ಆದರೆ ಮನೆಗೆ ಬಂದ ನೆಂಟರು ಕೇಳಿ ಮಾಡಿಸುತ್ತಿದ್ದದ್ದು ಅತ್ತೆಯ ಕೆಮ್ಮನ್ನು. ಮೂರು ಸಣ್ಣವು, ಒಂದು ಉದ್ದದ್ದು, ಕೊನೆಗೊಂದು 'ರಾಮಾ'. ಅತ್ತೆಯೂ ನಗುತ್ತಿದ್ದರು. ನಗುತ್ತ ನಗುತ್ತ ನಿಜವಾಗಿ ಕೆಮ್ಮುತ್ತಿದ್ದರು.

ಕೆಮ್ಮಿಗೆ ಕಾರಣ ಕಲ್ಲಿದ್ದಲಿನ ಒಲೆ. ಅದರ ಹೊಗೆ ಮೊದಲು ಅತ್ತೆಯ ಎದೆ ಹೊಕ್ಕು ಆಮೇಲೆ ಕಿಟಕಿ ಹುಡುಕುತ್ತಿತ್ತು. ಅದಕ್ಕೆಂದೇ ಮಾವ ಒಂದು ಹೀಟರ್ ತಂದರು. ಅತ್ತೆ ಮರದ ಮಣೆಯ ಮೇಲೆ ನಿಂತು, ಕಾವಲಿಯ ಮರದ ಹಿಡಿ ಹಿಡಿದು, ಕರೆಂಟಿನಲ್ಲಿ ದೋಸೆ ಹೊಯ್ಯಲು ಕಲಿತರು. ಕೆಮ್ಮು ಅರ್ಧಕ್ಕಿಳಿಯಿತು.

ಆದರೆ ಮೆಟ್ಟಿಲಡಿಯ ಫ್ಯೂಸ್ ನಮಗೂ ಕೆಳಗಿನ ಮನೆಯವರಿಗೂ ಒಂದೇ. ಕೆಳಗಿನ ಮನೆಯವರು ಅಂದರೆ ಮನೆ ಮಾಲೀಕರು, ನಿವೃತ್ತ ವಿಜ್ಞಾನ ಮೇಷ್ಟರು, ಬೀದಿಗೆಲ್ಲ ಮಾಸ್ಟರ್‌ಮೊಶಾಯ್. ಒಂದು ಸಂಜೆ ರೇಡಿಯೋದಲ್ಲಿ ಫುಟ್‌ಬಾಲಿನ ಗೋಲು ಇನ್ನೇನು ಬೀಳಬೇಕು, ಫ್ಯೂಸ್ ಹಾರಿತು. ಅದೇ ವಾರದಲ್ಲಿ ಅದು ಎರಡನೆಯ ಸಲ. ಮೊಶಾಯ್ ಮೆಟ್ಟಿಲು ಹತ್ತಿ ಬಂದರು.

"ದ್ಯಾಖೋ ಬಾಬಾ," ಎಂದರು, ಅಂದರೆ 'ನೋಡಪ್ಪಾ'. ಅವರ ಬಂಗಾಳಿ ಬೆರೆತ ಹಿಂದಿಯನ್ನು ಇಲ್ಲಿ ಕನ್ನಡಕ್ಕಿಳಿಸಿದ್ದೇನೆ. "ಹೀಟರಿನ ಪಾಲಿಗೆ ಐದು ಆಂಪಿಯರ್ ಕೊಟ್ಟಿದ್ದೇನೆ. ಭಾನುವಾರ ಮೀಟರ್ ತಂದು ಅಳೆಯುತ್ತೇನೆ. ಐದು ದಾಟಿದರೆ ಹೀಟರ್ ಹೊರಗೆ."

ಅತ್ತೆ ಮೂಲೆಯ ಕಲ್ಲಿದ್ದಲಿನ ಒಲೆಯ ಕಡೆ ಒಮ್ಮೆ ನೋಡಿದರು.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತು, ಹೊಟ್ಟೆ ಮುಂದೆ ಮಾಡಿ, ಮೊಶಾಯರ ದನಿ ತೆಗೆದೆ. "ತಳದಲ್ಲಿ ಏನು ಬರೆದಿದೆ ಬಾಬಾ? ಸಾವಿರ ವ್ಯಾಟ್. ಭೋಲ್ಟ್ ಎಷ್ಟು? ಇನ್ನೂರ ಇಪ್ಪತ್ತು. ವ್ಯಾಟನ್ನು ಭೋಲ್ಟಿನಿಂದ ಭಾಗಿಸು. ನಾಲ್ಕೂವರೆ ಆಂಪಿಯರ್. ಹೀಟರ್ ನಿರಪರಾಧಿ. ಮುದುಕನ ಫ್ಯೂಸೇ ಕಳಪೆ."

ಅತ್ತೆ ನಗಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.

"ದನಿ ಸರಿಯಿದೆ," ಬಾಗಿಲಿನಿಂದ ಮೂಲ ದನಿಯೇ ಹೇಳಿತು. "ಲೆಕ್ಕ ನೋಡೋಣ."

ಮರದ ಪೆಟ್ಟಿಗೆಯ ಎರಡು ಮೀಟರುಗಳು ಹೊರಬಂದವು. ತಂತಿ ಜೋಡಿಸಿ ಸ್ವಿಚ್ ಹಾಕಿದರು. ವೋಲ್ಟು ಇನ್ನೂರ ಇಪ್ಪತ್ತರಲ್ಲೇ ನಿಂತಿತು. ಆಂಪಿಯರಿನ ಮುಳ್ಳು ಮಾತ್ರ ನಾಲ್ಕೂವರೆ ದಾಟಿ, ಐದು ದಾಟಿ, ಐದೂವರೆಗೆ ಹೋಗಿ ಕೂತಿತು.

"ನಿಮ್ಮ ಮೀಟರಿಗೆ ವಯಸ್ಸಾಗಿದೆ," ಎಂದೆ.

"ನನಗೂ ಆಗಿದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸು."

"ನಲವತ್ತು ಓಮ್."

"ಎರಡನ್ನೂ ಗುಣಿಸು."

"ಸಾವಿರದ ಇನ್ನೂರ ಹತ್ತು ವ್ಯಾಟ್." ನನ್ನ ದನಿ ಈಗ ಯಾರ ದನಿಯೂ ಆಗಿರಲಿಲ್ಲ.

"ಸಾವಿರ ವ್ಯಾಟಿನ ಹೀಟರಿಗೆ ನಲವತ್ತೆಂಟು ಓಮ್ ರೋಧ ಇರಬೇಕು. ಎಂಟು ಓಮ್ ಎಲ್ಲಿ ಹೋಯಿತು?"

ನಾನು ಹೀಟರಿನ ಅಡಿ ನೋಡಿದೆ, ಎಂಟು ಓಮ್ ಅಲ್ಲಿ ಬಿದ್ದಿರಬಹುದು ಎಂಬಂತೆ. ಆಗ ಹಿಂದಿ ಅರ್ಧಂಬರ್ಧ ತಿಳಿಯುವ ಅತ್ತೆ ಬಾಯಿ ಬಿಟ್ಟರು.

"ಅವ್ರು ಎಂತ ಕೇಳೂದು ಮಾಣಿ? ಕಾಯಿಲ್ ಗಿಡ್ಡ ಆದದ್ದಾ? ಅದು ನಾಲ್ಕು ಸರ್ತಿ ತುಂಡಾಗಿತ್ತಲ್ಲ, ಪ್ಲಗ್ ತೆಗ್ದು, ಕರಕಲಾದ ಕೊನೆ ಅಡಕತ್ತರಿಯಲ್ಲಿ ಕತ್ತರಿಸಿ ನಾನೇ ಗಂಟು ಹಾಕಿದ್ದು. ಅಲ್ಲಿಂದ ದೋಸೆ ಬೇಗ ಬೇಗ ಆಗ್ತದೆ. ಮೊದ್ಲೆಲ್ಲ ಒಂದು ದೋಸೆಗೆ ಎರಡು ಭಜನೆ, ಈಗ ಒಂದು ಮುಗಿಯೂದ್ರೊಳಗೆ ಕೆಂಪು. ನಿಂಗೆ ಗೊತ್ತಿರ್ಲಿಲ್ವಾ? ಕಾಲೇಜಲ್ಲಿ ಎಂತ ಕಲಿಸ್ತಾರೆ ಮತ್ತೆ?"

ನನ್ನ ಸೋಲನ್ನು ನಾನೇ ಹಿಂದಿಗೆ ಅನುವಾದಿಸಬೇಕಾಯಿತು. ಕೊನೆಯ ವಾಕ್ಯವನ್ನು ನುಂಗಿದೆ. ಮೊಶಾಯ್ ಅದನ್ನೂ ಕೇಳಿ ಹೇಳಿಸಿಕೊಂಡರು. ಮುದುಕನ ಮುಖ ಅರಳಿತು. "ತಂತಿ ಗಿಡ್ಡವಾದರೆ ರೋಧ ಕಡಿಮೆ, ಕರೆಂಟು ಹೆಚ್ಚು, ಬಿಸಿ ಹೆಚ್ಚು. ಇಡೀ ಪಾಠವನ್ನು ದೋಸೆಯಲ್ಲಿ ಹೇಳಿದರಲ್ಲ." ಆಮೇಲೆ ಮುಖ ಸಣ್ಣದು ಮಾಡಿಕೊಂಡರು. "ಆದರೆ ಐದೂವರೆ ಐದೂವರೆಯೇ."

ಅತ್ತೆ ಒಳಗೆ ಹೋದರು. ಬಂದಾಗ ಕೈಯಲ್ಲೊಂದು ಹಳೆಯ ಪೌಡರ್ ಡಬ್ಬಿ. ಮುಚ್ಚಳ ತೆಗೆದು ಮಣೆಯ ಮೇಲೆ ಬೋರಲು ಹಾಕಿದರು: ಒಂದು ಗುಂಡಿ, ಎರಡು ಸೇಫ್ಟಿ ಪಿನ್ನು, ಸುರುಳಿ ಸುರುಳಿಯಾದ ನಾಲ್ಕು ತುಂಡು ತಂತಿ.

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು, ಕಳವು ಮಾಡಿ ಸಿಕ್ಕಿಬಿದ್ದವರ ಹಾಗೆ.

ಕಾಣೆಯಾದ ಎಂಟು ಓಮ್ ಪೌಡರ್ ವಾಸನೆ ಹೊಡೆಯುತ್ತ ಮಣೆಯ ಮೇಲೆ ಮಲಗಿತ್ತು. ಹೀಟರ್ ಆರಿಸಿ, ತಣಿಯಲು ಬಿಟ್ಟು, ಕರಕಲು ಕೆರೆದು ನಾಲ್ಕನ್ನೂ ಹೆಣೆದೆವು. ಅತ್ತೆ ಗಂಟು ಹಾಕಿದರು, ಮೊಶಾಯ್ ಇಕ್ಕಳ ಹಿಡಿದರು, ನಾನು ಸಲಹೆ ಕೊಟ್ಟೆ, ಯಾರೂ ತೆಗೆದುಕೊಳ್ಳಲಿಲ್ಲ. ಸ್ವಿಚ್ ಹಾಕಿದಾಗ ಮುಳ್ಳು ಮೆಲ್ಲಗೆ ಎದ್ದಿತು. ನಾಲ್ಕೂವರೆ ದಾಟಿ ಒಂದೇ ಗೆರೆ ಮೇಲೆ ನಿಂತಿತು.

"ಪಾಸ್," ಎಂದರು ಮೊಶಾಯ್, ಅತ್ತೆಗೆ. ನನ್ನ ಕಡೆ ತಿರುಗಿ, "ನೀನು ಪರೀಕ್ಷೆಗೆ ಮತ್ತೆ ಕೂರಬೇಕು."

ಅಂದು ಅವರು ನಮ್ಮಲ್ಲೇ ಆರು ದೋಸೆ ತಿಂದರು. ಒಂದೊಂದಕ್ಕೂ ಎರಡೆರಡು ಭಜನೆ ಕಾಯಬೇಕಾಯಿತು. ಕಲ್ಲಿದ್ದಲಿನ ಒಲೆಯಲ್ಲಿ ಆಮೇಲೆ ಅತ್ತೆ ತುಳಸಿ ನೆಟ್ಟರು.

ಈ ಬೆಳಿಗ್ಗೆ ನಾನೂ ಪ್ಲಗ್ ತೆಗೆದು, ಕರಕಲು ಕೊನೆ ಕತ್ತರಿಸಿ, ಗಂಟು ಹಾಕಿದೆ. ತುಂಡನ್ನು ಕಿಟಕಿಯಿಂದ ಎಸೆಯಲು ಹೋದ ಕೈ ನಡುವೆಯೇ ನಿಂತು, ಅದನ್ನು ಶೇವಿಂಗ್ ಸೋಪಿನ ಡಬ್ಬಿಗೆ ಹಾಕಿತು. ಚಹಾ ಕಾಯುತ್ತ ಹಳೆಯ ಕಸುಬು ನೆನಪಾಗಿ ಅತ್ತೆಯ ಕೆಮ್ಮು ತೆಗೆದು ನೋಡಿದೆ. ಮೂರು ಸಣ್ಣವು ಹೇಗೋ ಬಂದವು. ಉದ್ದದ್ದು ಎಷ್ಟು ಎಳೆದರೂ ಬರಲಿಲ್ಲ. 'ರಾಮಾ' ನನ್ನದೇ ದನಿಯಲ್ಲಿ ಬಂತು. ಪ್ರತಿ ಭಾನುವಾರ ಅತ್ತೆಯ ಮನೆಗೆ ಹೋಗುತ್ತೇನೆ, ಆದರೆ ಮೂಲ ಕೆಮ್ಮನ್ನು ಕೇಳಿ ವರ್ಷಗಳೇ ಆಗಿವೆ. ನನ್ನ ಅತ್ಯುತ್ತಮ ಅಣಕು ಕೈಬಿಟ್ಟು ಹೋಗಿದೆ ಎಂದು ಗೊತ್ತಾದದ್ದು ಇವತ್ತು. ಒಬ್ಬನೇ ಕೂತು ಜೋರಾಗಿ ನಕ್ಕೆ. ಅಷ್ಟರಲ್ಲಿ ಚಹಾ ಉಕ್ಕಿತು, ಎಂದಿಗಿಂತ ಸ್ವಲ್ಪ ಬೇಗ.