ಘಾಟಬೋರಾಳದ ಬೋರ್ ಮತ್ತು ನನ್ನ ಸೊನ್ನೆ

ಇದನ್ನು ಹೇಳುವುದನ್ನು ಇಷ್ಟು ದಿನ ತಳ್ಳಿಕೊಂಡೇ ಬಂದೆ. ಕಣ್ಣಿನ ಆಪರೇಷನ್ ಆಗಲಿ ಅಂದೆ, ಆಯಿತು. ತೊಗರಿ ರಾಶಿ ಮುಗಿಯಲಿ ಅಂದೆ, ಅದೂ ಮುಗಿಯಿತು. ಈಗ ನೆಪ ಉಳಿದಿಲ್ಲ. ಆದರೆ ಶುರುವಿನಲ್ಲೇ ಒಂದು ಮಾತು. ಘಾಟಬೋರಾಳದ ಜನ ನನ್ನ ಮೇಲೆ ಹೊರಿಸುವ ತಪ್ಪನ್ನು ನಾನು ಒಪ್ಪುವುದಿಲ್ಲ. ಅವರ ಎಣ್ಣೆ ಬಾವಿಯನ್ನು ನಾನು ಹಾಳು ಮಾಡಲಿಲ್ಲ. ಇಲ್ಲದ್ದನ್ನು ಹಾಳು ಮಾಡುವುದು ಹೇಗೆ? ನನ್ನ ತಪ್ಪು ಬೇರೆಯದು. ಅದು ಅವರಿಗೆ ಗೊತ್ತೇ ಇಲ್ಲ.

ನಾನು ಬಸವಕಲ್ಯಾಣದಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದವನು. ಆಮೇಲೆ ಸಂಬಂಧಿಕರೊಬ್ಬರ ಬೆನ್ನು ಹತ್ತಿ ಗೋದಾವರಿ ಕಡೆ ಹೋದೆ. ಅಲ್ಲಿ ಎಣ್ಣೆಗಾಗಿ, ಗ್ಯಾಸಿಗಾಗಿ ಬಾವಿ ಕೊರೆಯುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆಳದಿಂದ ಬರುವ ಕಲ್ಲಿನ ಚೂರುಗಳನ್ನು ತೊಳೆದು ಪೊಟ್ಟಣ ಕಟ್ಟುವುದು. ಮೊಣಕಾಲು ಕೆಟ್ಟ ಮೇಲೆ ಕಚೇರಿಗೆ ಹಾಕಿದರು. ನೆಲದಡಿ ಎಷ್ಟಿದೆ ಎಂದು ಅಂದಾಜು ಹಾಕುವ ಕಚೇರಿ ಅದು. ನಕ್ಷೆಗಳಿಗೆ ಬಣ್ಣ ತುಂಬುತ್ತ, ಎಂಜಿನಿಯರುಗಳ ಜಗಳ ಕೇಳುತ್ತ ನಾನೂ ಒಂದಿಷ್ಟು ಕಲಿತೆ.

ಲೆಕ್ಕ ಕಷ್ಟದ್ದಲ್ಲ. ಕಲ್ಲಿನ ಪದರ ಎಷ್ಟು ಅಗಲ, ಎಷ್ಟು ದಪ್ಪ, ಅದರಲ್ಲಿ ಸಣ್ಣ ಸಣ್ಣ ತೂತುಗಳ ಪಾಲೆಷ್ಟು, ಆ ತೂತುಗಳಲ್ಲಿ ನೀರೆಷ್ಟು, ಎಣ್ಣೆಯೆಷ್ಟು. ಇವನ್ನು ಗುಣಿಸಿದರೆ ಕೆಳಗಿರುವುದರ ಅಂದಾಜು ಬರುತ್ತದೆ. ಆದರೆ ಇರುವುದೆಲ್ಲ ಮೇಲೆ ಬರುವುದಿಲ್ಲ. ಕುಸುಬೆಯನ್ನು ಗಾಣಕ್ಕೆ ಹಾಕಿ ಎಷ್ಟೇ ತಿರುವಿದರೂ ಹಿಂಡಿಯಲ್ಲಿ ಎಣ್ಣೆ ಉಳಿಯುತ್ತದಲ್ಲ, ಹಾಗೆ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಯಾವ ಗಾಣಿಗನೂ ಡಬ್ಬಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ತೆಗೆಯಬಹುದಾದದ್ದು, ತೆಗೆದರೆ ಲಾಭವಾಗುವುದು, ಅಷ್ಟಕ್ಕೆ ಮಾತ್ರ ನಿಕ್ಷೇಪ ಎನ್ನುತ್ತಿದ್ದರು. ಅದರಲ್ಲಿ ಮತ್ತೆ ಮೂರು ದರ್ಜೆ. ಬಾವಿಯಿಂದ ಹರಿಸಿ ನೋಡಿದ್ದು ‘ಖಚಿತ’. ಅದೇ ಪದರ ಮುಂದೆಯೂ ಹೋಗಿದೆ ಎನ್ನಲು ಬಲವಾದ ಪುರಾವೆ ಇದ್ದರೆ ‘ಸಂಭವ’. ಪುರಾವೆ ತೆಳುವಾಗಿದ್ದರೆ ‘ಸಾಧ್ಯ’. ಈ ಮೂರಕ್ಕೂ ಬಾರದ್ದು ಸೊನ್ನೆ. ಆಸೆಗೆ ಅಲ್ಲಿ ದರ್ಜೆ ಇರಲಿಲ್ಲ. ಆ ಶಿಸ್ತು ನನಗೆ ಬಹಳ ಹಿಡಿಸಿತ್ತು.

ನಿವೃತ್ತಿಯಾಗಿ ಬಂದು ಬಸವಕಲ್ಯಾಣದಲ್ಲಿ ಮನೆ ಮಾಡಿದೆ. ಅಣ್ಣ ನಮ್ಮೂರು ಘಾಟಬೋರಾಳದಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದ. ಅವನು ಹೊಸ ಬೋರ್ ಹಾಕಿಸಿದಾಗ ನೀರಿನ ಜೊತೆ ಗುಳ್ಳೆ ಬಂದವು. ಯಾರೋ ಕಡ್ಡಿ ಗೀರಿದರು. ಪೈಪಿನ ಬಾಯಲ್ಲಿ ನೀಲಿ ಉರಿ ನಿಂತಿತು. ಅದರ ವಿಡಿಯೊ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳನ್ನು ನನಗಿಂತ ಮೊದಲೇ ಮುಟ್ಟಿತ್ತು. ನಾನು ಬಸ್ಸು ಬದಲಿಸಲು ಅಲ್ಲಿ ಇಳಿದಾಗ ಪರಿಚಯವಿಲ್ಲದವನೊಬ್ಬ ನನಗೇ ಅದನ್ನು ತೋರಿಸಿದ.

ಅಣ್ಣನ ಹೊಲದಲ್ಲಿ ಜಾತ್ರೆಯಷ್ಟು ಜನ.

“ಕಾಕಾ, ನಮ್ಮೂರು ಈಗ ದುಬೈ ಆಗ್ತದೇನ್ರಿ?”

“ಮೊದಲ ಗಟಾರ ಆಗ್ಲಿ,” ಅಂದೆ. ನಕ್ಕರು. ಆಗಿನ್ನೂ ನನ್ನ ಮೇಲೆ ಪ್ರೀತಿಯಿತ್ತು.

ನಮ್ಮದು ಕರಿಕಲ್ಲಿನ ನೆಲ. ಬೆಂಕಿಯ ರಸ ಹರಿದು ಪದರ ಪದರವಾಗಿ ಗಟ್ಟಿಯಾದದ್ದು. ಎರಡು ಪದರಗಳ ನಡುವೆ ಯಾವ ಕಾಲದ್ದೋ ಕೆರೆಯ ಕೆಸರು ಸಿಕ್ಕಿಕೊಂಡು ಕೊಳೆತಿದ್ದರೆ ಒಂದಿಷ್ಟು ಗ್ಯಾಸ್ ನಿಂತಿರುತ್ತದೆ. ಒಂದು ಸಂದಿಯಷ್ಟು, ಅಷ್ಟೇ. ನಾನು ಹಾಗೆಯೇ ಹೇಳಿದೆ. ಅಷ್ಟರಲ್ಲಿ ಹುಮನಾಬಾದಿನಿಂದ ಹೊಲ ಮಾರಿಸಿ ಕೊಡುವ ಸಾವಕಾರನೊಬ್ಬ ಬಂದಿದ್ದ. ಅಕ್ಕಪಕ್ಕದ ಹೊಲಗಳ ಮೇಲೆ ಅವನ ಕಣ್ಣು.

“ಕಾಕಾ, ಖಚಿತ ಅನ್ನಬ್ಯಾಡ್ರಿ. ಇರಬಹುದು ಅನ್ರಿ, ಸಾಕು. ಅಷ್ಟು ಅನ್ನಾಕ ನಿಮ್ಮ ಗಂಟೇನು ಹೋಗ್ತದ?”

“ಇರಬಹುದು ಅನ್ನಾಕೂ ಪುರಾವಾ ಬೇಕ್ರಿ ಸಾವಕಾರ.”

“ಹಂಗಾರ ಏನಂತೀರಿ?”

“ಸೊನ್ನಿ ಅಂತೀನಿ.”

ಅವನು ಜನರ ಕಡೆ ತಿರುಗಿದ. “ಉರಿ ಕಣ್ಣಿಗಿ ಕಾಣಾಕತ್ತದ, ಇವರು ಸೊನ್ನಿ ಅಂತಾರ. ಕಂಪನಿಯಾಗ ಇವರು ಕಸಾ ಹೊಡೀತಿದ್ರಂತ ಕಾಣ್ತದ.”

ಈ ಸಲ ಅವನ ಜೊತೆ ಎಲ್ಲರೂ ನಕ್ಕರು. ಆ ನಗೆ ನನ್ನನ್ನು ಕಲ್ಲು ಮಾಡಿತು. ಊರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ಅದೇ ಚರ್ಚೆ, ನನ್ನದು ಅದೇ ಉತ್ತರ. ಬಯ್ದರು. ಊರಿನ ನಸೀಬಿಗೆ ಅಡ್ಡ ಬಂದವನು ಎಂದರು. ನಾನು ಕದಲಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಅವತ್ತು ‘ಇರಬಹುದು’ ಎಂದಿದ್ದರೆ ಎಷ್ಟು ಮನೆಗಳು ಹೊಲ ಬರೆದುಕೊಡಲು ಆ ಸಾವಕಾರನ ಜೀಪು ಹತ್ತುತ್ತಿದ್ದವೋ.

ಇನ್ನು ನಾನು ಹೇಳದೆ ಬಿಟ್ಟದ್ದು.

ಕೇಬಲ್ ಕಳ್ಳರ ಕಾಟ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಣ್ಣ ಬೋರಿನ ಬಾಯಿ, ವೈರು, ಸ್ಟಾರ್ಟರ್ ಎಲ್ಲವೂ ಒಳಗೇ ಬರುವಂತೆ ತಗಡಿನ ಕೋಣೆ ಕಟ್ಟಿಸಿ ಬೀಗ ಹಾಕಿದ. ಗಾಳಿ ಆಡಲು ಒಂದು ಕಿಂಡಿಯೂ ಇಲ್ಲ. ಬೆಳಿಗ್ಗೆ ಬೀಗ ತೆಗೆದು ಮೋಟಾರು ಹಚ್ಚುವುದು ಅವನ ಹೆಂಡತಿ, ನನ್ನ ವೈನಿಯ ಕೆಲಸ.

ಒಂದು ದಿನ ನಾನು ಕಟ್ಟೆಯ ಮೇಲೆ ಕೂತಿದ್ದಾಗ ವೈನಿ ಹೊಲದಿಂದ ಬಂದು ನಿಂತಳು. ಸಾವಕಾರನ ಕಡೆಯವರು ಇಬ್ಬರು ಅಲ್ಲೇ ಇದ್ದರು.

“ತಮ್ಮಾ, ಆ ಕೋಣ್ಯಾಗ ಹೋದ್ರ ತಲಿ ಗಿರ್ ಅಂತದ. ಪೈಪಿನಾಗ ಎಸರು ಕುದ್ದಂಗ ಸಪ್ಪಳ ಬರ್ತದ. ಮ್ಯಾಲಿಂದು ಒಂದು ತಗಡು ತೆಗಸ್ಲೇನು?”

ಬಾವಿ ಕೊರೆಯುವ ಜಾಗದಲ್ಲಿ ಇಂಥ ಮಾತು ಕಿವಿಗೆ ಬಿದ್ದಿದ್ದರೆ ನಾನು ಓಡಿ ಹೋಗಿ ಬಾಗಿಲು ತೆಗೆಸುತ್ತಿದ್ದೆ. ಅಲ್ಲಿ ಗ್ಯಾಸಿನ ಸುಳಿವು ಕಂಡರೆ ಬೀಡಿ ಕಿಸೆಯಿಂದ ಹೊರಬರುತ್ತಿರಲಿಲ್ಲ. ಆ ಸುಳಿವು ನಿಕ್ಷೇಪದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಬೇರೆ, ಇದು ಬೇರೆ. ನನಗೆ ಗೊತ್ತಿತ್ತು. ಆದರೆ ‘ತೆಗಸ್ರಿ ವೈನಿ, ಗ್ಯಾಸ್ ತುಂಬತದ’ ಎಂದಿದ್ದರೆ ಪಕ್ಕದಲ್ಲಿದ್ದ ಇಬ್ಬರೂ ಆ ಒಂದು ಮಾತನ್ನು ಹಿಡಿದು ಊರೆಲ್ಲ ಮೆರೆಸುತ್ತಿದ್ದರು. ನನ್ನ ಮಾನವೇ ನನಗೆ ದೊಡ್ಡದಾಯಿತು. ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

“ಅಲ್ಲೇನೂ ಇಲ್ಲ ವೈನಿ. ಸೊನ್ನಿ ಅಂದ ಮ್ಯಾಲ ಸೊನ್ನಿ.”

“ಆತು. ನೀ ದೊಡ್ಡ ದೊಡ್ಡ ಬಾವಿ ನೋಡಿದಾಂವ,” ಎಂದು ಹೋದಳು. ಅಣ್ಣನಿಗೆ ಆಮೇಲೆ ಗುಟ್ಟಾಗಿ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ಕೆಲವು ದಿನಗಳ ನಂತರ ಅವಳು ಬೀಗ ತೆಗೆದು ಸ್ಟಾರ್ಟರ್ ಒತ್ತಿದಾಗ ಕೋಣೆಯೊಳಗಿನ ಗಾಳಿಯೇ ಹೊತ್ತಿಕೊಂಡಿತು. ಬಾಗಿಲ ಹತ್ತಿರವೇ ನಿಂತಿದ್ದರಿಂದ ಜೀವ ಉಳಿಯಿತು. ಬಲಗೈ, ಬಲಗೆನ್ನೆ ಸುಟ್ಟವು. ಹುಮನಾಬಾದಿನ ಆಸ್ಪತ್ರೆಗೆ ನಾನು ಮುಟ್ಟಿದಾಗ ಊರವರು ಹೊರಗೇ ಕಾದಿದ್ದರು.

“ಈಗರ ಒಪ್ಕೋರಿ ಕಾಕಾ. ಗ್ಯಾಸ್ ಅದ.”

“ಉರಿಯೋದು ಬ್ಯಾರೆ, ನಿಕ್ಷೇಪ ಬ್ಯಾರೆ,” ಅಂದೆ. ಒಳಗೆ ಅವಳು ನರಳುತ್ತಿದ್ದಳು, ನಾನು ಅಂಗಳದಲ್ಲಿ ನಿಂತು ವಾದ ಮಾಡುತ್ತಿದ್ದೆ. ಮುಂದೆ ಆ ಗುಳ್ಳೆಗಳು ತಾವಾಗಿಯೇ ನಿಂತವು. ಈಗ ಬರೀ ನೀರು ಬರುತ್ತದೆ. ನನ್ನ ಅಂದಾಜು ಸರಿಯಾಗಿತ್ತು. ಇದನ್ನು ಯಾರ ಮುಂದೆಯಾದರೂ ಹೇಳುತ್ತೇನೆ.

ಅಣ್ಣನಲ್ಲಿ ಕ್ಷಮೆ ಕೇಳಿದೆ. ಏನಕ್ಕೆ ಎಂದು ಬಿಡಿಸಿ ಹೇಳಲಿಲ್ಲ. “ನೀ ಏನ್ ಮಾಡ್ತೀಯೋ, ಸ್ಟಾರ್ಟರ್ ಹಳೇದಿತ್ತು,” ಎಂದ. ಆ ಮಾತನ್ನೇ ಹೊದ್ದುಕೊಂಡು ಇಷ್ಟು ದಿನ ಮಲಗಿದೆ.

ಹೋದ ಸಲ ಹೋದಾಗ ವೈನಿ ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ಬಡಿಯುತ್ತಿದ್ದದ್ದು ಸೊಸೆ. ವೈನಿಯ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿವೆ, ಪೂರ್ತಿ ಬಿಡಿಸಲು ಬರುವುದಿಲ್ಲ. ಎಡಗೈಯಿಂದ ನನ್ನ ತಾಟಿಗೆ ರೊಟ್ಟಿ ಹಾಕಿ, “ಎಡಗೈ ಅಂತ ತಪ್ಪ ತಿಳೀಬ್ಯಾಡ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು.

“ತಮ್ಮಾ, ತಗಡು ತೆಗಸ್ಲೇನು ಅಂತ ನಾ ನಿನಗ ಕೇಳಿದ್ದೆ ಅಲ್ಲಾ? ನಿಮ್ಮಣ್ಣ ಇಲ್ಲ ಅಂತಾರ. ನನಗ ಖರೇನೇ ಹಂಗ ನೆನಪದ. ಇಲ್ಲಂದ್ರ ನನ್ನ ತಲೀನೇ ಕೆಟ್ಟದೇನು?”

ಅವಳಿಗೆ ಬೇಕಾಗಿದ್ದದ್ದು ಒಂದು ‘ಹೌದು’. ಅಷ್ಟೇ.

“ನನಗ ನೆನಪಿಲ್ಲ ವೈನಿ,” ಅಂದೆ. ಅವಳು ತಲೆಯಾಡಿಸಿ, ಪುಂಡಿಪಲ್ಯದ ಬೋಗುಣಿಯನ್ನು ನನ್ನ ಕಡೆ ಸರಿಸಿದಳು.

ಊರು ಏನಾದರೂ ಅಂದುಕೊಳ್ಳಲಿ, ಸಾವಕಾರ ಎಲ್ಲಿ ಬೇಕಾದರೂ ನನ್ನನ್ನು ಬಯ್ಯಲಿ, ಅವರೆದುರು ನಾನು ತಲೆ ತಗ್ಗಿಸುವುದಿಲ್ಲ. ಅಣ್ಣನ ಹತ್ತಿರ ಕೇಳಿದ ಕ್ಷಮೆಯೂ ತಪ್ಪು ಬಾಗಿಲು ಬಡಿದದ್ದು. ಕೇಳಬೇಕಾಗಿದ್ದದ್ದು, ಇನ್ನೂ ಕೇಳದೆ ಉಳಿದದ್ದು, ನನ್ನ ಅಣ್ಣನ ಹೆಂಡತಿಯನ್ನು. ನನ್ನ ವೈನಿಯನ್ನು.