ಲೂಯಿಯ ಹೊಟ್ಟೆಗೆ ಗೊತ್ತಿದ್ದದ್ದು

ಎಮೆಟ್ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವನು; ಒಂದು ಕಡೆ ಕೂತಿರು ಎಂದರೆ ಪ್ರಾಣ ಹೋದಂತೆ ಆಡುವ ಆಸಾಮಿ. ಅಂಥವನನ್ನು ಸೈನ್ಯದವರು ತಂದು ಬೆಲ್ಜಿಯಮ್ಮಿನ ಆರ್ಡೆನ್ ಕಾಡಿನಲ್ಲಿ ಎದೆಮಟ್ಟದ ಗುಂಡಿಗೆ ಇಳಿಸಿದ್ದರು. ೧೯೪೪ರ ಡಿಸೆಂಬರ್. ತಲೆ ಎತ್ತಿದರೆ ಜರ್ಮನರ ಗುಂಡು, ಎತ್ತದಿದ್ದರೆ ಕಾಲಡಿಯಲ್ಲಿ ಹಿಮ ಕರಗಿದ ನೀರು. ಅವನು ಬೆಲ್ಟು ಬಿಗಿಯುತ್ತಿದ್ದ, ಸಡಿಲಿಸುತ್ತಿದ್ದ, ಬಂದೂಕಿನ ಬೋಲ್ಟು ಹೆಪ್ಪುಗಟ್ಟಿತೇನೋ ಎಂದು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ.

ಗುಂಡಿಯ ಜೊತೆಗಾರ ಲೂಯಿ, ಬಾಸ್ಟನ್ನಿನ ಮೀನಂಗಡಿಯವನ ಮಗ. ಚಳಿಗೆ ಕಾಲು ಮರಗಟ್ಟದಿರಲೆಂದು ದಿನವೂ ಇಬ್ಬರೂ ಬೂಟು ಬಿಚ್ಚಿ, ಒಬ್ಬನ ಬರಿಗಾಲನ್ನು ಇನ್ನೊಬ್ಬ ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದರು. ಎಲ್ಲ ಗುಂಡಿಗಳಲ್ಲೂ ಇದೇ ಕಥೆ. ನಾಚಿಕೆ ಎಂದೋ ಸತ್ತಿತ್ತು. ಎಮೆಟ್‌ನ ಕಾಲಿಗಿಂತ ತಮ್ಮಪ್ಪ ಮಂಜುಗಡ್ಡೆ ಮೇಲಿಟ್ಟ ಮೀನೇ ವಾಸಿ ಎಂದು ಲೂಯಿ ರೇಗಿಸುತ್ತಿದ್ದ.

ಒಂದು ದಿನ ಎಮೆಟ್‌ಗೆ ಲೂಯಿಯ ಹೊಟ್ಟೆಯ ಬಿಸಿ ತಗಲಲೇ ಇಲ್ಲ. ಕಾಲ್ಬೆರಳುಗಳು ಮರಗಟ್ಟಿದ್ದವು. ಹೇಳಿದರೆ ಆಸ್ಪತ್ರೆಗೆ ಸಾಗಿಸುತ್ತಾರೆ, ಲೂಯಿಯ ಪಕ್ಕಕ್ಕೆ ಯಾರೋ ಹೊಸಬ ಬರುತ್ತಾನೆ. ಹೊಸಬರು ಫಿರಂಗಿ ಶೆಲ್ಲಿನ ಸದ್ದು ಗುರುತಿಸಲು ಕಲಿಯುವ ಮೊದಲೇ ಸಾಯುತ್ತಿದ್ದರು, ಎಷ್ಟೋ ಸಲ ಜೊತೆಗಾರನನ್ನೂ ಕರೆದುಕೊಂಡು. ಅದಕ್ಕೇ ಅವನು ಬಾಯಿ ಬಿಡಲಿಲ್ಲ. ಹುಚ್ಚಪ್ಪ! ಕಾಲೇ ಕೊಳೆತ ಮೇಲೆ ಯಾರನ್ನು ಕಾಯುತ್ತಾನಂತೆ?

ಗುಂಡಿಯಿಂದ ಗುಂಡಿಗೆ ತೆವಳುತ್ತಾ ಕಾಲು ಪರೀಕ್ಷಿಸುವ ಮೆಡಿಕ್ ಬಂದು ಅವನ ಬೆರಳು ಚಿವುಟಿದ. ಎಮೆಟ್ ಮುಖ ಸಿಂಡರಿಸಿ, ಚೆನ್ನಾಗಿ ಗೊತ್ತಾಗುತ್ತಿದೆ ಎಂದ. ಮೆಡಿಕ್ ಹೊರಡುವವನಿದ್ದ. ಲೂಯಿ ಅವನನ್ನು ತಡೆದು, ಎಮೆಟ್‌ನ ಉಣ್ಣೆಯ ಟೋಪಿಯನ್ನು ಕಣ್ಣು ಮುಚ್ಚುವಂತೆ ಕೆಳಗೆಳೆದು, ಇನ್ನೊಮ್ಮೆ ಚಿವುಟು ಎಂದ. ಹಾಗನ್ನುತ್ತಲೇ, ಮುಟ್ಟಬೇಡ ಎಂದು ಕೈಸನ್ನೆ ಮಾಡಿದ.

"ಮೆಲ್ಲಗೆ ಮಾರಾಯ, ನೋಯ್ತದೆ" ಎಂದ ಎಮೆಟ್.

ಟೋಪಿ ಸರಿಸಿ ನೋಡಿದರೆ, ಮೆಡಿಕ್‌ನ ಎರಡೂ ಕೈಗಳು ಜೇಬಿನಲ್ಲಿದ್ದವು. ಎಮೆಟ್‌ಗೆ ಮೈಯೆಲ್ಲ ಉರಿದುಹೋಯಿತು.

"ನಿನಗೋಸ್ಕರ ಕೂತಿದ್ದೆ ಕಣೋ, ದ್ರೋಹಿ."

"ಗೊತ್ತು. ಮೊನ್ನೆಯಿಂದ ನಿನ್ನ ಕಾಲು ಬಿಸಿನೇ ಆಗ್ತಿಲ್ಲ. ನನ್ನ ಹೊಟ್ಟೆಗೆ ತಿಳಿಯಲ್ವಾ? ಹೋಗು. ನೀನು ಸಾಯೋದನ್ನ ಪಕ್ಕದಲ್ಲೇ ಕೂತು ನೋಡಕ್ಕೆ ನನ್ನ ಕೈಲಾಗಲ್ಲ."

ಸ್ಟ್ರೆಚರ್ ಬಂತು. ಅದರ ಹಿಂದೆಯೇ ಕನ್ನಡಕ ಹಾಕಿದ ಹೊಸಬನೊಬ್ಬ ನಡುಗುತ್ತಾ ಗುಂಡಿಗೆ ಇಳಿದ. ಎಮೆಟ್ ಲೂಯಿಯ ಮುಖ ನೋಡಲಿಲ್ಲ. ಸಿಟ್ಟು ಒಂದು ಕಡೆ, ನೋಡಿದರೆ ಅತ್ತುಬಿಡುವ ಭಯ ಇನ್ನೊಂದು ಕಡೆ. ಅವನು ಹೊಸಬನ ಕೊರಳಪಟ್ಟಿ ಹಿಡಿದೆಳೆದ.

"ಇವನು ಬೈತಾನೆ, ಬೈಸ್ಕೊ. ಇವನ ಕಾಲು ಮಾತ್ರ ದಿನಾ ನಿನ್ನ ಹೊಟ್ಟೆ ಮೇಲಿರ್ಬೇಕು. ತಿಳೀತಾ?"

ಸ್ಟ್ರೆಚರ್ ಮೇಲೆ ಮರಗಳ ನಡುವೆ ಸಾಗುವಾಗ ಲೂಯಿ ಹೊಸಬನನ್ನು ಬೈಯುವುದು ಕೇಳಿಸುತ್ತಿತ್ತು. ಎಮೆಟ್‌ಗೆ ಒಂದಿಷ್ಟು ಸಮಾಧಾನವಾಯಿತು. ಅಷ್ಟರಲ್ಲಿ ಹಿಂದೆ, ಆ ಗುಂಡಿಯ ಕಡೆಗೇ, ಶೆಲ್ಲುಗಳು ಬೀಳತೊಡಗಿದವು. ಹೊತ್ತವರು ಸ್ಟ್ರೆಚರ್ ಇಳಿಸಿ ಬೋರಲು ಬಿದ್ದರು. ಎಮೆಟ್ ಮಾತ್ರ ಎದ್ದು ಲೂಯಿಯ ಕಡೆಗೆ ಓಡಲು ಹೊರಟ. ಊರಿದ ಕಾಲು ನೆಲವನ್ನು ಮುಟ್ಟಿತೋ ಇಲ್ಲವೋ ಅವನಿಗೆ ತಿಳಿಯಲೇ ಇಲ್ಲ. ಹಿಮದೊಳಗೆ ಮುಖ ಅಡಿಯಾಗಿ ಬಿದ್ದ.